ಅಜ್ಜಿಗೆ ನಾನು ಹೇಳಿದ ಪಥ್ಯ

ನನ್ನ ಬಾಯಿ ಸ್ವಲ್ಪ ಜೋರು. ಮನೆಯಲ್ಲೂ ಹಾಗೇ, ಕೆಲಸದಲ್ಲೂ ಹಾಗೇ. ಚಿಂತಾಮಣಿಯಲ್ಲಿ ಒಂದು ಬಾಡಿಗೆ ಕಟ್ಟಡದ ಮಹಡಿಯ ಮೇಲೆ, ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಕಲಿಸುವುದು ಅಂದರೆ ಅಆಇಈ ಅಲ್ಲ. ನಡಿಗೆ ತಡವಾದವರು, ಮಾತು ತಡವಾದವರು, ಕರೆದರೆ ತಿರುಗಿ ನೋಡದವರು ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಒಂದು ಕಡೆ ಕೂರುವುದು, ಬೆರಳಲ್ಲಿ ಹಿಡಿಯುವುದು, ಬೇಕಾದ್ದನ್ನು ಕೇಳುವುದು ಇಂಥದ್ದೆಲ್ಲ ಅಭ್ಯಾಸ ಮಾಡಿಸುತ್ತೇನೆ. ಮಕ್ಕಳ ಹತ್ತಿರ ನನಗೆ ಎಷ್ಟು ಬೇಕಾದರೂ ತಾಳ್ಮೆ ಇದೆ. ದೊಡ್ಡವರ ಹತ್ತಿರ ಅಷ್ಟಿಲ್ಲ. ಹೇಳಿದ್ದನ್ನು ಮನೆಯಲ್ಲಿ ಮಾಡಿಸದೆ ಬಂದ ತಂದೆತಾಯಿಯನ್ನು ನಾನು ಸುಮ್ಮನೆ ಬಿಟ್ಟವಳಲ್ಲ.

ಮಾತು ತಡವಾದ ಒಬ್ಬ ಹುಡುಗಿ ಹೀಗೇ ಬಂದಳು, ಆಗ ಅವಳಿಗೆ ನಾಲ್ಕು ತುಂಬಿತ್ತು. ವಾರಕ್ಕೆ ಎರಡು ದಿನ ಮುರುಗಮಲ್ಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಪ್ಪನಿಗೆ ದರ್ಗಾದ ಹತ್ತಿರ ಸಕ್ಕರೆ, ಹೂವು, ಊದುಬತ್ತಿ ಮಾರುವ ಅಂಗಡಿ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. ಜೊತೆಗೆ ಅಮ್ಮನ ತಾಯಿ ಇದ್ದರು. ಮಗುವಿಗೆ ಸ್ನಾನ ಮಾಡಿಸುವುದು, ಉಣಿಸುವುದು, ತಟ್ಟಿ ಮಲಗಿಸುವುದು ಎಲ್ಲಾ ಆ ಅಜ್ಜಿಯೇ. ನಮ್ಮಲ್ಲಿಗೆ ಬಂದಾಗ ಗೋಡೆಗೆ ಒರಗಿ ಕೂತು, ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ ಅಂತ ಅಳಿಯ ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ನಾನು ಅವರನ್ನು ಮಾತಾಡಿಸಲು ಹೋಗಲೇ ಇಲ್ಲ.

ಮಗುವಿನ ಕಿವಿ ಪರೀಕ್ಷೆ ಮಾಡಿಸಿದ್ದರು, ಚೆನ್ನಾಗಿಯೇ ಕೇಳಿಸುತ್ತಿತ್ತು. ಮಾತು ಮಾತ್ರ ಇರಲಿಲ್ಲ. ನೀರು ಬೇಕಾದಾಗ 'ಪಾ' ಅನ್ನುತ್ತಿದ್ದಳು, ಅಮ್ಮನಿಗೆ 'ಮ್ಮಿ' ಅನ್ನುತ್ತಿದ್ದಳು. ಇಷ್ಟೇ ಅವಳ ಆಸ್ತಿ.

"ಬರೋ ವರ್ಷ ಸ್ಕೂಲಿಗೆ ಹಾಕ್ಬೇಕು ಮಿಸ್," ಅಂದರು ಅಪ್ಪ. "ಹಸಿವು, ಹೊಟ್ಟೆನೋವು ಅಂತಾದ್ರೂ ಹೇಳ್ಕೊಳಂಗಾದ್ರೆ ಸಾಕು. ಇಲ್ದಿದ್ರೆ ಯಾರು ಕೂರಿಸ್ಕೋತಾರೆ ಇವಳನ್ನ?"

"ಮನೇಲಿ ಯಾವ ಭಾಷೆ?" ಅಂತ ಕೇಳಿದೆ.

"ನಾವೆಲ್ಲ ಉರ್ದೂನೇ. ಅಂಗಡೀಲಿ ಕನ್ನಡ, ತೆಲುಗು, ಎಲ್ಲಾ ಆಗುತ್ತೆ."

"ಅದಕ್ಕೇ ಮತ್ತೆ! ಮಗೂಗೆ ಗೊಂದಲ. ಇನ್ಮೇಲೆ ಇವಳ ಹತ್ರ ಕನ್ನಡ ಮಾತ್ರ ಮಾತಾಡಿ. ಮನೇಲಿ ಎಲ್ರೂ. ಒಂದೇ ಭಾಷೆ."

ಅಷ್ಟು ಹೇಳಿ ಸಾಲದು ಅಂತ ಅವರ ನೋಟ್‌ಬುಕ್ಕಿನಲ್ಲಿ ಬರೆದೂ ಕೊಟ್ಟೆ, ಕೆಳಗೆ ಕೆಂಪು ಗೆರೆ ಬೇರೆ. ಯಾವುದೋ ತರಬೇತಿಯಲ್ಲಿ ಯಾರೋ ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದೆ. ನಾನೇ ಕೆಂಚಾರ್ಲಹಳ್ಳಿಯ ತೆಲುಗು ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಇವತ್ತಿಗೂ ಎರಡರಲ್ಲೂ ಸರಾಗವಾಗಿ ಜಗಳ ಆಡಬಲ್ಲವಳು. ಅದು ಆಗ ಹೊಳೆಯಲೇ ಇಲ್ಲ ನೋಡಿ. ಅಳಿಯ ನನ್ನ ಮಾತನ್ನು ಉರ್ದುವಿನಲ್ಲಿ ಅಜ್ಜಿಗೆ ಹೇಳಿದರು. ಅಜ್ಜಿ ಮಗುವಿನ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಒಂದು ತಿಂಗಳು ಕಳೆಯಿತು. ಮಾತು ಬರುವುದು ಹಾಗಿರಲಿ, ಇದ್ದದ್ದೂ ಹೋಯಿತು. ಮೊದಲು 'ಮ್ಮಿ' ನಿಂತಿತು, ಆಮೇಲೆ 'ಪಾ' ನಿಂತಿತು. ನೀರು ಬೇಕಾದರೆ ಲೋಟದ ಹತ್ತಿರ ಹೋಗಿ ಸುಮ್ಮನೆ ನಿಲ್ಲುವಳು. ನಾವು ಗಮನಿಸದಿದ್ದರೆ ಹಾಗೇ ವಾಪಸ್ ಬಂದು ಕೂರುವಳು. ಹಠ ಇಲ್ಲ, ಅಳು ಇಲ್ಲ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಸ್ವಭಾವ. ಒಂದು ದಿನ ಅಮ್ಮನನ್ನು ತರಾಟೆಗೆ ತೆಗೆದುಕೊಂಡೆ.

"ಮನೇಲಿ ಏನಮ್ಮ ಮಾಡ್ತಿದೀರಿ ನೀವು? ವಾರಕ್ಕೆ ಎರಡು ದಿನ ನಾನೊಬ್ಳು ಗಂಟಲು ಹರ್ಕೊಂಡ್ರೆ ಆಯ್ತಾ?"

"ನೀವು ಹೇಳಿದ್ದೇ ಮಾಡ್ತಾ ಇದೀವಿ ಮಿಸ್," ಅಂದಳು ಆಕೆ, ನೆಲ ನೋಡುತ್ತಾ.

"ಮಾಡಿದ್ರೆ ಹಿಂಗ್ಯಾಕೆ ಆಗ್ತಿತ್ತು?"

ಆಕೆ ಮಗುವನ್ನು ಎತ್ತಿಕೊಂಡು ಹೊರಟಳು. ಇವರು ಮಾಡುತ್ತಿಲ್ಲ, ಸುಳ್ಳು ಹೇಳುತ್ತಿದ್ದಾರೆ ಅಂತ ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ, ಒಂದು ಮಾತೂ ತಿಳಿಸದೆ ಮುರುಗಮಲ್ಲದ ಬಸ್ಸು ಹತ್ತಿದೆ. ಕಣ್ಣಾರೆ ನೋಡಿ, ಬಿಸಿ ಮುಟ್ಟಿಸಿಯೇ ಬರುವುದು ಅಂತ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಮನೆ. ಬಾಗಿಲು ತೆರೆದೇ ಇತ್ತು. ಒಳಗಿನ ಕೋಣೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ನಡುಮನೆಯಲ್ಲಿ ಅಜ್ಜಿ ಬಾಗಿಲಿಗೆ ಬೆನ್ನು ಓರೆ ಮಾಡಿ ಕೂತು ಮಗುವಿಗೆ ಅನ್ನ ಬೇಳೆ ಕಲಸಿ ತುತ್ತು ಕೊಡುತ್ತಿದ್ದರು. ತುತ್ತು ಎತ್ತಿ, ತಮ್ಮ ಬಾಯಿ ಅಗಲ ಮಾಡಿ ತೋರಿಸಿದರು. ಸದ್ದಿಲ್ಲ. ಮಗು ಬಾಯಿ ತೆರೆಯಿತು. ಮತ್ತೆ ತುತ್ತು, ಮತ್ತೆ ಸದ್ದಿಲ್ಲದ ಬಾಯಿ. ಮಗು ತಟ್ಟೆಗೆ ಕೈ ಹಾಕಿ ಅನ್ನವನ್ನೆಲ್ಲ ಮೈಮೇಲೆ ಚೆಲ್ಲಿಕೊಂಡಿತು. ಅಜ್ಜಿಗೆ ನಗು ಬಂತು, ತುಟಿ ಅಲುಗಿತು, ಏನೋ ಹೇಳಲು ಹೊರಟವರು ಗಪ್ಪನೆ ಹಲ್ಲು ಕಚ್ಚಿ ಹಿಡಿದುಕೊಂಡರು. ಕೈಯಲ್ಲೇ ಒರೆಸಿದರು.

ನನ್ನನ್ನು ನೋಡಿ ಅಮ್ಮ ಗಾಬರಿಯಿಂದ ಎದ್ದು ಬಂದಳು. ನಾನು ಬೈಯಲು ಬಂದವಳು ಏನು ಬೈಯಬೇಕೋ ತಿಳಿಯದೆ ಕೇಳಿದೆ, "ಅಜ್ಜಿ ಯಾಕೆ ಮಾತಾಡ್ತಿಲ್ಲ?"

"ನೀವೇ ಹೇಳಿದ್ರಲ್ಲ ಮಿಸ್, ಕನ್ನಡ ಮಾತ್ರ ಅಂತ. ಅಮ್ಮಿಗೆ ಕನ್ನಡ ಇಲ್ಲ. ಅದಕ್ಕೆ ಮಗೂ ಹತ್ರ ಮಾತಾಡೋದೇ ಬಿಟ್ಟವ್ರೆ. ನಾವೂ ಉರ್ದು ಮಾತಾಡ್ಬೇಕಂದ್ರೆ ಆ ರೂಮಿಗೆ ಹೋಗ್ತೀವಿ."

"ಒಂದು ತಿಂಗಳಿಂದಾನಾ?"

"ಹೂಂ. ಡಾಕ್ಟ್ರು ಹೇಳಿದ ಪಥ್ಯ ಇದ್ದಂಗೆ, ತಪ್ಪಿಸಬಾರ್ದು ಅಂತಾರೆ ಅಮ್ಮಿ."

ನಾನು ಅಲ್ಲೇ ಚಾಪೆಯ ಮೇಲೆ ಕೂತೆ. ಎದ್ದಾಗಿನಿಂದ ಮಲಗುವವರೆಗೆ ಆ ಮಗುವಿನ ಜೊತೆ ಇರುವವರು ಒಬ್ಬರೇ ಒಬ್ಬರು. ಅವರ ಬಾಯಿಯನ್ನೇ ನಾನು ಮುಚ್ಚಿಸಿದ್ದೆ. ಮೂಕಿ ಮಾಡಿದ್ದು ಸಾಲದು ಅಂತ, ಮನೆಯಲ್ಲಿ ಏನು ಮಾಡುತ್ತಿದ್ದೀರಿ ಎಂದು ಅವರ ಮಗಳಿಗೆ ಜೋರೂ ಮಾಡಿದ್ದೆ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. "ಅಯ್ಯೋ ದೇವುಡಾ" ಅಂದುಬಿಟ್ಟೆ, ನಮ್ಮಮ್ಮ ಅನ್ನುವ ಹಾಗೆ, ತೆಲುಗಿನಲ್ಲಿ.

ಅಜ್ಜಿ ತಟ್ಟನೆ ತಿರುಗಿದರು. "ತೆಲುಗು ವಸ್ತಾದಾಮ್ಮಾ ನೀಕು?" ಅಂದರು. ನಿನಗೆ ತೆಲುಗು ಬರುತ್ತಾ ಅಂತ! ಅಜ್ಜಿ ಪ್ರಾಯದಲ್ಲಿ ಹಳ್ಳಿಹಳ್ಳಿ ಸುತ್ತಿ ಬಳೆ ಮಾರಿದವರಂತೆ. ನಮ್ಮ ಕಡೆಯ ಹೆಂಗಸರಿಗೆಲ್ಲ ತೆಲುಗಿನಲ್ಲೇ ಚೌಕಾಸಿ ಮಾಡಿ ಬಳೆ ತೊಡಿಸಿದವರು. ಇಷ್ಟು ದಿನ ಗೋಡೆಗೆ ಒರಗಿ ಕೂತಿದ್ದವರ ಹತ್ತಿರ ನಾನು ನನ್ನ ತಾಯಿಯ ಭಾಷೆಯಲ್ಲೇ ಮಾತಾಡಬಹುದಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವತ್ತು ತೆಲುಗಿನಲ್ಲಿ ಅವರ ಕೈ ಹಿಡಿದು ಹೇಳಿದೆ: ತಪ್ಪು ನನ್ನದು, ಪಥ್ಯ ಮುಗಿಯಿತು, ಮೊದಲಿನ ಹಾಗೆ ಮಾತಾಡಿ. ಅವರು ನಂಬಲಿಲ್ಲ. ಮಗುವಿಗೆ ತೊಂದರೆಯಾಗುವುದಿಲ್ಲ ತಾನೇ ಎಂದು ಮೂರು ಸಲ ಕೇಳಿದರು. ಅಷ್ಟರಲ್ಲಿ ಅಳಿಯ ಅಂಗಡಿಯಿಂದ ಬಂದರು. ಅವರಿಗಂತೂ ನನ್ನ ಮಾತು ಹಿಡಿಸಲೇ ಇಲ್ಲ.

"ಸ್ಕೂಲಲ್ಲಿ ಕನ್ನಡ ತಾನೇ ಮಿಸ್? ಉರ್ದು ಕಲಿತು ಏನ್ ಮಾಡ್ತಾಳೆ? ನೆಂಟ್ರೆಲ್ಲ ಆಗ್ಲೇ ಅಂತಾರೆ, ಮೂರು ಭಾಷೆ ಕೇಳಿಸಿ ಮಗೂನ ಹಾಳು ಮಾಡಿದ್ರಿ ಅಂತ."

"ನಾನೂ ಹಂಗೇ ಅಂದಿದ್ದೆ ಕಣಪ್ಪ, ಅದು ನನ್ನ ದಡ್ಡತನ. ಮೊದ್ಲು ಮಾತು ಅಂತ ಒಂದು ಬರ್ಲಿ. ಯಾವ ಮಾತು ಅಂತ ಆಮೇಲೆ ನೋಡಣ."

ಅವರು ಮಗಳ ಮುಖ ನೋಡಿದರು. ಕೊನೆಗೆ ಅತ್ತೆಯ ಕಡೆ ನೋಡಿ ಹೂಂ ಅಂದರು. ಅಜ್ಜಿ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಉರ್ದುವಿನಲ್ಲಿ ಶುರು ಮಾಡಿದರು ನೋಡಿ, ಒಂದು ತಿಂಗಳ ಬಾಕಿಯೆಲ್ಲ ಅವತ್ತೇ ತೀರಿಸುವವರ ಹಾಗೆ! ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮಗು ಅವರ ಬಾಯನ್ನೇ ನೋಡುತ್ತಿತ್ತು, ಕೈ ಎತ್ತಿ ತುಟಿ ಮುಟ್ಟಿ ಮುಟ್ಟಿ ನೋಡಿತು. ನಾನು ಕಣ್ಣೊರೆಸಿಕೊಂಡು, ಕೊಟ್ಟ ಟೀ ಕುಡಿದು ಬಸ್ಸು ಹಿಡಿದೆ.

ಅಲ್ಲಿಂದ ಮುಂದೆ ನಾನೇ ವಿದ್ಯಾರ್ಥಿನಿ. ಅಜ್ಜಿ ಉಣಿಸುವಾಗ, ಸ್ನಾನ ಮಾಡಿಸುವಾಗ ಆಡುವ ಮಾತನ್ನು ಅಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ನಾನು ಅಡುಗೆ ಮಾಡುತ್ತಾ ಕೇಳಿ ಬಾಯಿಪಾಠ ಮಾಡುತ್ತಿದ್ದೆ. 'ಪಾನಿ ಹೋನಾ?' ಅಂದರೆ ನೀರು ಬೇಕಾ. ನಾನು ಅದನ್ನು ತೆಲುಗಿನ ರಾಗದಲ್ಲಿ ಹೇಳಿದರೆ ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು, ನಗಲಿ ಬಿಡಿ. ಈಗ ಅವರು ಗೋಡೆಗೆ ಒರಗಿ ಕೂರುತ್ತಿರಲಿಲ್ಲ. ನಾನು ಯಾವ ಅಭ್ಯಾಸ, ಯಾಕೆ ಅಂತ ತೆಲುಗಿನಲ್ಲಿ ಹೇಳುವೆ, ಅವರು ಉರ್ದುವಿನಲ್ಲಿ ಮಗುವಿಗೆ ಮಾಡಿಸುವರು, ನಡುವೆ ನಾನು ಕನ್ನಡದಲ್ಲೂ ಒಂದು ಸಲ ಅನ್ನುವೆ. ಮಗುವಿಗೆ ಯಾವ ಗೊಂದಲವೂ ಆಗಲಿಲ್ಲ. ಮೂರನೇ ವಾರಕ್ಕೆ 'ಪಾ' ವಾಪಸ್ ಬಂತು. ಆಮೇಲೆ ಅದು 'ಪಾನಿ' ಆಯಿತು. ಅವತ್ತು ಅಪ್ಪ ಅಂಗಡಿಯ ಸಕ್ಕರೆ ಪೊಟ್ಟಣ ತಂದು ನಮ್ಮಲ್ಲಿದ್ದ ಎಲ್ಲರಿಗೂ ಹಂಚಿದರು.

ಆದರೂ ಒಂದು ಕೊರತೆ ಇತ್ತು. ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವಳು, ಹೇಳಿದ್ದನ್ನೆಲ್ಲ ಮಾಡುವಳು. ಸಾಕಾದರೂ, ನೋವಾದರೂ ತಿಳಿಸುತ್ತಿರಲಿಲ್ಲ. ಇಂಥ ಮಗುವನ್ನು ಶಾಲೆಯಲ್ಲಿ ಯಾರಾದರೂ ದೂಡಿದರೆ ಏನು ಗತಿ ಅನ್ನುವ ಭಯ ನನಗೆ ಇದ್ದೇ ಇತ್ತು.

ಮೊನ್ನೆ ಒಂದು ಬೆಳಿಗ್ಗೆ ದಾರಕ್ಕೆ ಮಣಿ ಪೋಣಿಸುವ ಅಭ್ಯಾಸ ಮಾಡಿಸುತ್ತಿದ್ದೆ. ಒಂದು ಸಲ ಮಾಡಿದಳು, ಎರಡು ಸಲ, ಮೂರು ಸಲ. ನನಗೆ ಆಸೆ ಹೆಚ್ಚಾಯಿತು. "ಇನ್ನೊಂದೇ ಸಲ ಪುಟ್ಟಮ್ಮಾ, ಜಾಣೆ ಅಲ್ವಾ," ಅಂತ ಮತ್ತೆ ತಟ್ಟೆ ಮುಂದಿಟ್ಟೆ.

ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ದೂರ ತಳ್ಳಿದಳು. ನನ್ನ ಮುಖವನ್ನೇ ನೋಡಿ, "ನಕ್ಕೋ!" ಅಂದಳು.

ಬೇಡ ಅಂತ. ಚಿಂತಾಮಣಿಯಲ್ಲಿ ಬಾಳಿದವರಿಗೆ ಈ ಮಾತು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಗೆ ಜೀವವೇ ಹೋದಂತಾಯಿತು. ಧಡಕ್ಕನೆ ಎದ್ದು ಬಂದು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದರು. ಟೀಚರಮ್ಮನಿಗೆ ಹಾಗನ್ನಬಾರದು, ತಪ್ಪು ತಪ್ಪು ಅಂತ ಅವಳಿಗೆ ಉರ್ದುವಿನಲ್ಲಿ ಗದರಿ, ಮನಸ್ಸಿಗೆ ಹಾಕಿಕೊಳ್ಳಬೇಡಮ್ಮಾ ಅಂತ ನನಗೆ ತೆಲುಗಿನಲ್ಲಿ ಬೇಡಿಕೊಂಡರು. ನಾನು ಅವರ ಕೈಯನ್ನು ಮೆಲ್ಲಗೆ ಹಿಡಿದು ಮಗುವಿನ ಬಾಯಿಂದ ತೆಗೆದೆ. "ಅನನೀಯಂಡಮ್ಮಾ," ಅಂದೆ. ಅನ್ನಲಿ ಬಿಡಿ.

ಮಗು ಅಜ್ಜಿಯನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಇನ್ನೂ ಜೋರಾಗಿ, ಕೆಳಗೆ ರಸ್ತೆಯವರೆಗೂ ಕೇಳುವ ಹಾಗೆ, "ನಕ್ಕೋ!" ಅಂದಿತು.

"ಆಯ್ತಮ್ಮಾ," ಅಂದು ನಾನು ತಟ್ಟೆ ಎತ್ತಿ ಕಪಾಟಿನಲ್ಲಿಟ್ಟೆ.