ಗುಡ್ಡದಲ್ಲಿ ಅಂಜುವ ವಿದ್ಯೆ

ಬೂಟು ಹಾಕಿಕೊಳ್ಳುವ ಮೊದಲು ಅದನ್ನು ತಲೆಕೆಳಗು ಹಿಡಿದು ಚೆನ್ನಾಗಿ ಕೊಡವುವುದು ನನ್ನ ಹಳೆಯ ಅಭ್ಯಾಸ. ಇದುವರೆಗೆ ಅದರೊಳಗಿಂದ ಬಿದ್ದಿರುವುದು ಒಂದಿಷ್ಟು ಕರಿಮಣ್ಣು, ಒಣಗಿದ ತೊಗರಿ ಎಲೆ, ಮತ್ತೆ ಒಮ್ಮೆ ಮನೆಯೆಲ್ಲ ಹುಡುಕಿ ಕೈಬಿಟ್ಟಿದ್ದ ಒಂದು ಕಾಲುಚೀಲ. ಚೇಳು ಬಿದ್ದದ್ದಿಲ್ಲ. ಆದರೆ ಆ ಬೀಳದಿರುವಿಕೆಯೇ ನನ್ನ ಆತಂಕಕ್ಕೆ ಆಹಾರ. ಇಷ್ಟು ವರ್ಷ ಬೀಳಲಿಲ್ಲವೆಂದರೆ ಬೀಳುವ ದಿನ ಹತ್ತಿರ ಬಂದಿರಬೇಕು ಎಂಬುದು ನನ್ನ ತರ್ಕ. ಮುದ್ದೇಬಿಹಾಳದ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಭಯವೂ ಒಂದು ಸ್ಥಾಯಿಭಾವ ಎಂದು ಪಾಠ ಹೇಳುವಾಗ ಉದಾಹರಣೆಗೆ ಕಾವ್ಯಗಳನ್ನು ತಡಕಬೇಕಾಗಿಲ್ಲ. ನನ್ನೊಳಗೆ ಅದು ಸ್ಥಾಯಿಯಾಗಿ, ಬಾಡಿಗೆ ಕೊಡದೆ, ಬಹುಕಾಲದಿಂದ ವಾಸವಾಗಿದೆ.

ಇಂಥವಳು ಗುಡ್ಡ ಹತ್ತಲು ಹೊರಟದ್ದಾದರೂ ಏಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಕಸ್ತೂರಿ ವೈನಿ. ನನ್ನ ಅಣ್ಣನ ಹೆಂಡತಿ, ಇಂಡಿಯ ನಿಂಬೆ ತೋಟದ ಒಡತಿ, ನನಗಿಂತ ಹತ್ತಾರು ವರ್ಷ ದೊಡ್ಡವರು. ಧೈರ್ಯದಲ್ಲಿ ಮಾತ್ರ ಇನ್ನೂ ಹದಿನಾರರ ಹುಡುಗಿ. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಅವರಿಗೆ ಗುಡ್ಡದ ಹುಚ್ಚು ಹಿಡಿಯಿತು. ನಮ್ಮ ಸೀಮೆಯಲ್ಲಿ ಚಾರಣ ಎಂದರೆ ನಗುವವರೇ ಹೆಚ್ಚು. ಇಂಡಿ, ಸಿಂದಗಿಯ ಕಡೆ ನೆಲ ಜೋಳದ ರೊಟ್ಟಿಯಂತೆ ಸಪಾಟಾಗಿ ಹರಡಿಕೊಂಡಿದೆ. ಬಾಗೇವಾಡಿ ದಾಟಿ ಮುದ್ದೇಬಿಹಾಳದತ್ತ ಬಂದರೆ ಆ ರೊಟ್ಟಿ ಹಂಚಿನ ಮೇಲೆ ಅಲ್ಲಲ್ಲಿ ಉಬ್ಬಿದ ಹಾಗೆ ಒಂದೊಂದು ಗುಡ್ಡ. ಆ ಉಬ್ಬುಗಳೇ ವೈನಿಗೆ ಹಿಮಾಲಯ. ರಜೆ ಬಂತೆಂದರೆ ಬಸ್ಸು ಹಿಡಿದು ನಮ್ಮ ಮನೆಗೆ ಬರುವರು, ಚೀಲದ ತುಂಬ ನಿಂಬೆಹಣ್ಣು ತರುವರು, ಮರುದಿನ ಮುಂಜಾನೆ ನನ್ನನ್ನು ಎಬ್ಬಿಸುವರು. ಅವರಿಗೆ ಚಾರಣಕ್ಕೆ ಕಾರಣ ಬೇಡ. ನನಗೆ ಮಾತ್ರ ಹೊರಡದಿರಲು ನೂರು ಕಾರಣ.

ಆ ನೂರನ್ನೂ ಮೀರಿ ಹೊರಡಬೇಕಾದಾಗ ನಾನು ಮಾಡಿದ್ದು, ಭಯವನ್ನು ಅಧ್ಯಯನವಾಗಿ ಪರಿವರ್ತಿಸಿದ್ದು. ಕಾಣದ ಸಂದಿಯಲ್ಲಿ ಕೈ ಹಾಕಬಾರದು. ಬಂಡೆಯನ್ನು ದಾಟುವಾಗ ಅದರಾಚೆ ಏನಿದೆ ಎಂದು ನೋಡಿಯೇ ಕಾಲಿಡಬೇಕು. ಕಲ್ಲಿನ ಮೇಲೆ ಮೈಭಾರ ಬಿಡುವ ಮೊದಲು ಅದು ಅಲುಗುತ್ತದೆಯೇ ಎಂದು ಒತ್ತಿ ನೋಡಬೇಕು. ಕೊಳಕುಮಂಡಲ ಹೆಜ್ಜೆಯ ಸದ್ದಿಗೆ ಸರಿದು ಹೋಗುವ ಹಾವಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಚ್ಚಿಸಿಕೊಂಡವರನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಇದೆಲ್ಲ ನನಗೆ ಬಾಯಿಪಾಠ. ವೈನಿಗೆ ಇದನ್ನು ಹೇಳುತ್ತ ಹತ್ತಿದರೆ ಅವರು ನಗುತ್ತ ಮುಂದೆ ಹೋಗುತ್ತಿದ್ದರು. ನಾನು ಉದ್ದನೆಯ ಕೋಲಿನಿಂದ ನೆಲ ಕುಟ್ಟುತ್ತ, ಕಣ್ಣನ್ನು ಪಾದದಿಂದ ಒಂದು ಮಾರಿನಾಚೆ ಎತ್ತದೆ, ಅವರ ನಗೆಯ ಜಾಡು ಹಿಡಿದು ಹಿಂಬಾಲಿಸುತ್ತಿದ್ದೆ. ಗುಡ್ಡದ ತುದಿಯಿಂದ ಕೃಷ್ಣಾ ನದಿಯ ಹಿನ್ನೀರು ಎಷ್ಟು ಚೆಂದ ಕಾಣುತ್ತದೆ ಎಂದು ವೈನಿ ಅಣ್ಣನಿಗೆ ಫೋನಿನಲ್ಲಿ ವರ್ಣಿಸುವಾಗಲೇ ನನಗೆ, ಓಹೋ, ಅಲ್ಲಿ ನೀರೂ ಇತ್ತೇ ಎಂದು ತಿಳಿಯುತ್ತಿತ್ತು.

ಮೊನ್ನೆಯ ಚಳಿಗಾಲದಲ್ಲಿ ಹೀಗೇ ಹೊರಟೆವು. ಹೊಳೆಯ ದಾರಿಯಲ್ಲಿ, ತೊಗರಿ ಹೊಲಗಳ ನಡುವೆ, ಒಂದು ಕಲ್ಲುಗುಡ್ಡ. ಮೊಣಕಾಲು ನೋವಿನ ನಮ್ಮ ಮನೆಯವರು ಕಾರಿನಲ್ಲೇ ಪೇಪರ್ ಓದುತ್ತ ಕೂತರು. ನಾವಿಬ್ಬರೂ ಹೊಲದ ಬದುವಿನ ಮೇಲೆ ನಡೆದು ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿ ಒಂದು ದೊಡ್ಡ ಬಂಡೆ ಸೂರಿನಂತೆ ಮುಂದಕ್ಕೆ ಚಾಚಿಕೊಂಡಿತ್ತು. ವೈನಿ ಮೇಲೆ ನೋಡಿ, ಹದ್ದಿನಂಥ ಒಂದು ದೊಡ್ಡ ಹಕ್ಕಿ ಬಂಡೆಯ ಸುತ್ತ ಗಿರಕಿ ಹೊಡೆಯುತ್ತಿದೆ, ಎಷ್ಟು ಚೆಂದ ಇದೆ ನೋಡು ಎಂದರು. ನಾನು ನೋಡಲಿಲ್ಲ. ಮುಂದಿನ ಕಲ್ಲಿನ ಸಂದಿಯಲ್ಲಿ ಏನೋ ಕಂದುಬಣ್ಣದ್ದು ಸುತ್ತಿಕೊಂಡು ಬಿದ್ದಿತ್ತು. ಅದು ಹಳೆಯ ಹಗ್ಗದ ತುಂಡು ಎಂದು ಕೋಲಿನಿಂದ ಖಾತ್ರಿ ಮಾಡಿಕೊಳ್ಳುವುದರಲ್ಲಿ ನಾನು ಮಗ್ನಳಾಗಿದ್ದೆ.

ಆಮೇಲೆ ತಿಳಿದದ್ದು, ಆ ಹಕ್ಕಿ ಜೇನುಗಿಡುಗ. ಸೂರಿನಂಥ ಬಂಡೆಯ ಅಡಿಯಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಗಿಡುಗ ಗೂಡಿಗೆ ಎರಗಿ ಒಂದು ತುಂಡು ಕಿತ್ತುಕೊಂಡು ಹೋಗುತ್ತದೆ; ಸಿಟ್ಟಿಗೆದ್ದ ಹುಳಗಳು ಕೆಳಗೆ ಸಿಕ್ಕವರ ಮೇಲೆ ಬೀಳುತ್ತವೆ. ಇದೂ ನನಗೆ ಗೊತ್ತಿತ್ತು, ಓದಿದ್ದೆ. ಮೇಲೆ ನೋಡಿದ್ದರೆ ತಿಳಿಯುತ್ತಿತ್ತು. ಎಲ್ಲದಕ್ಕೂ ಅಂಜುವವಳಾದ್ದರಿಂದ ಅಂಜಬೇಕಾದ ಒಂದನ್ನು ನೋಡುವುದಕ್ಕೆ ನನಗೆ ಪುರಸೊತ್ತಿರಲಿಲ್ಲ.

ಮೊದಲು ಬಂದದ್ದು ಸದ್ದು. ದೂರದಲ್ಲಿ ಕಾಳು ಒಕ್ಕುವ ರಾಶಿ ಯಂತ್ರ ಶುರುವಾದಂಥ ಒಂದು ಮೊರೆತ. ತಲೆಯೆತ್ತುವಷ್ಟರಲ್ಲಿ ವೈನಿಯ ಹಣೆ, ಕುತ್ತಿಗೆ, ಸೆರಗಿನ ಮೇಲೆಲ್ಲ ಹುಳ. ಅವರು ಎರಡೂ ಕೈಯಿಂದ ಬಡಿದುಕೊಳ್ಳತೊಡಗಿದರು. ನನ್ನ ಕಿವಿಯ ಹಿಂದೆ ಕಾದ ಸೂಜಿ ಚುಚ್ಚಿದಂತಾಯಿತು. ಆ ಕ್ಷಣ ನನ್ನ ತಲೆಯಲ್ಲಿದ್ದ ಹಾವು ಚೇಳಿನ ವಿದ್ಯೆಯೆಲ್ಲ ಅಳಿಸಿಹೋಯಿತು. ಉಳಿದದ್ದು ಜೇನಿನ ಪಾಠವೊಂದೇ, ನಿಲ್ಲಬೇಡ, ಓಡು. ವೈನಿ ಮಾತ್ರ ಬದಿಯ ಹಳ್ಳದ ಕಡೆ ತಿರುಗಿದ್ದರು. ಅಲ್ಲಿ ಆಳವಾದ ಒಂದು ಮಡು ಇತ್ತು; ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಹೊಳೆಯಿತು.

ಅವರ ತೋಳು ಹಿಡಿದು ಎಳೆದೆ. “ನೀರಾಗ ಬ್ಯಾಡ್ರಿ ವೈನಿ, ಮ್ಯಾಲೇ ಕಾಯ್ತಾವು. ಕೈ ಬೀಸಬ್ಯಾಡ್ರಿ, ಸೆರಗಲೆ ಮಾರಿ ಮುಚ್ಕೊಂಡು ಓಡ್ರಿ.”

ಜೀವಮಾನದಲ್ಲಿ ಮೊದಲ ಬಾರಿಗೆ ಅವರು ನನ್ನ ಮಾತು ಕೇಳಿದರು. ತಲೆಗಿಂತ ಎತ್ತರ ಬೆಳೆದಿದ್ದ ತೊಗರಿಯೊಳಗೆ ನುಗ್ಗಿದೆವು. ದಟ್ಟ ಗಿಡಗಳೊಳಗೆ ಹೊಕ್ಕರೆ ಹುಳಗಳಿಗೆ ಬೆನ್ನಟ್ಟುವುದು ಕಷ್ಟ. ಆದರೂ ಬೆನ್ನಟ್ಟುತ್ತವೆ, ಬಹಳ ದೂರದವರೆಗೆ. ಗಿಡಗಳು ಮುಖಕ್ಕೆ ಬಡಿಯುತ್ತಿದ್ದವು, ಕಾಲಡಿಯ ಕರಿಮಣ್ಣು ಬಿರುಕು ಬಿಟ್ಟಿತ್ತು, ಆ ಬಿರುಕುಗಳಲ್ಲಿ ಹಾವಿದೆಯೇ ಎಂದು ನಾನು ನೋಡಲಿಲ್ಲ. ಹೊಲದ ಆ ತುದಿಯಲ್ಲಿ ಒಂದು ಗುಡಿಸಲು. ಅಲ್ಲಿ ಬುಟ್ಟಿ ಹಿಡಿದು ನಿಂತಿದ್ದ ರೈತ ಹೆಣ್ಣುಮಗಳು ನಮ್ಮನ್ನು ನೋಡಿದ್ದೇ ಒಳಗೆ ಎಳೆದುಕೊಂಡು, ಬಾಗಿಲಿಗೆ ಅಡ್ಡವಾಗಿ ಕಂಬಳಿ ಕಟ್ಟಿದಳು. ಕಂಬಳಿಯ ಹೊರಗೆ ಹುಳಗಳು ಬಡಿಯುವ ಸದ್ದು, ಒಳಗೆ ನಮ್ಮ ಏದುಸಿರು.

ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ವೈನಿಯ ಮುಖ ನೋಡಿದೆ. ಮುಳ್ಳುಗಳು ಚರ್ಮದಲ್ಲೇ ಉಳಿದಿದ್ದವು. ತಡ ಮಾಡಿದಷ್ಟೂ ಅವು ವಿಷ ಇಳಿಸುತ್ತವೆ, ಹೇಗಾದರೂ ಬೇಗ ತೆಗೆಯಬೇಕು. ಉಗುರಿನಿಂದ ಕೆರೆದು ಕೆರೆದು ತೆಗೆದೆ. ಆ ಹೆಣ್ಣುಮಗಳು ಸುಣ್ಣ ತಂದಳು, ಬೇಡವೆಂದು ಕೈಮುಗಿದೆ. ನನಗೂ ಸಾಕಷ್ಟು ಕಚ್ಚಿದ್ದವು, ಮೈ ಉರಿಯುತ್ತಿತ್ತು. ಆದರೆ ನನಗೆ ಅದು ಬರೀ ಉರಿ. ವೈನಿಯದು ಹಾಗಿರಲಿಲ್ಲ. ಅವರ ತುಟಿ ದಪ್ಪವಾಗುತ್ತಿತ್ತು. ಕಚ್ಚದ ಜಾಗದಲ್ಲೂ, ತೋಳಿನ ಉದ್ದಕ್ಕೂ, ಕೆಂಪು ದದ್ದು ಏಳುತ್ತಿತ್ತು.

“ಸುಮಿ,” ಎಂದರು. ದನಿ ಬೇರೆಯವರದು ಎನ್ನುವಷ್ಟು ಒಡೆದಿತ್ತು. “ಗಂಟಲಾ ಬಿಗದಂಗ ಆಗಾಕತ್ತೈತಿ.”

ಅಂಜಿಕೆಯಲ್ಲೂ ತರತಮಗಳಿವೆ ಎಂದು ನನಗೆ ತಿಳಿದದ್ದು ಆಗ. ನಾನು ಅದುವರೆಗೆ ಪಟ್ಟದ್ದೆಲ್ಲ ಅದರ ತಾಲೀಮು ಮಾತ್ರ. ಕೆಲವರ ಮೈಗೆ ಜೇನಿನ ವಿಷ ಒಗ್ಗುವುದಿಲ್ಲ, ಗಂಟಲು ಬಾತು ಉಸಿರಿನ ದಾರಿಯೇ ಮುಚ್ಚುತ್ತದೆ ಎಂದು ನನಗೆ ತಿಳಿದಿತ್ತು. ಆ ಕೆಲವರಲ್ಲಿ ವೈನಿ ಒಬ್ಬರೆಂದು ಅವರಿಗೂ ತಿಳಿದಿರಲಿಲ್ಲ. ಫೋನಿನಲ್ಲಿ ಮನೆಯವರಿಗೆ, ಗಾಜು ಏರಿಸಿಕೊಂಡು ಹೊಲದ ಈ ಬದಿಗೆ ಗಾಡಿದಾರಿಯಲ್ಲಿ ಬನ್ನಿ ಎಂದೆ. ಬರುವ ತನಕ ವೈನಿಯನ್ನು ಏಳಲು ಬಿಡದೆ ಮಲಗಿಸಿ, ಕಾಲನ್ನು ಒಂದು ಮೂಟೆಯ ಮೇಲೆ ಎತ್ತರಿಸಿಟ್ಟೆ. ಅವರು ಎದ್ದು ಕೂರುತ್ತೇನೆ, ನಡೆದೇ ಹೋಗೋಣ ಎಂದು ಸನ್ನೆ ಮಾಡಿದರು. ತಲೆ ತಿರುಗಿ ಬಿದ್ದರೆ ಅಪಾಯ ಎಂದು ಭುಜ ಒತ್ತಿ ಹಿಡಿದೆ. ಹುಳಗಳ ಸದ್ದು ಕಡಿಮೆಯಾಗಿತ್ತು. ಕಾರು ಬಾಗಿಲಿಗೆ ತಾಗುವಂತೆ ಬಂದು ನಿಂತಾಗ, ಮೂವರೂ ಕಂಬಳಿಯ ಮರೆಯಲ್ಲಿ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

ಊರಿಗೆ ಹೋಗುವ ದಾರಿ ನನಗೆ ನೆನಪಿಲ್ಲ. ನೆನಪಿರುವುದು ವೈನಿಯ ಉಸಿರು. ಒಂದೊಂದು ಉಸಿರಿಗೂ ಸೀಟಿ ಊದಿದಂಥ ಸಣ್ಣ ಸದ್ದು. ಆ ಸದ್ದು ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ. ಮನೆಯವರು ಗಾಡಿ ಓಡಿಸಿದರು. ಕನ್ನಡಿಯಲ್ಲಿ ಅವರ ಕಣ್ಣು ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಜೇನು, ಗಂಟಲು, ಉಸಿರು ಎಂದು ನಾನು ಹೇಳಿದ ಮೂರು ಪದ ಸಾಕಾದವು. ಎಳೆಯ ಪ್ರಾಯದ ಡಾಕ್ಟರಮ್ಮ ಮೊದಲು ತೊಡೆಗೆ ಚುಚ್ಚುಮದ್ದು ಕೊಟ್ಟು, ಆಮೇಲೆ ಆಮ್ಲಜನಕ ಹಚ್ಚಿ, ಆಮೇಲೆ ನನ್ನ ಕಡೆ ತಿರುಗಿ ಹೆಸರು ಕೇಳಿದರು. ಸೀಟಿಯ ಸದ್ದು ತೆಳುವಾಯಿತು, ನಿಂತಿತು. ವೈನಿ ಕಣ್ಣು ತೆರೆದು ನನ್ನ ಕೈ ಹುಡುಕಿದರು. ಇನ್ನಷ್ಟು ತಡವಾಗಿದ್ದರೆ, ಎಂದು ಡಾಕ್ಟರು ಶುರು ಮಾಡಿದ ವಾಕ್ಯವನ್ನು ನನ್ನ ಮುಖ ನೋಡಿ ಮುಗಿಸಲಿಲ್ಲ. ವ್ಯಾಕರಣ ಕಲಿಸುವವಳಿಗೆ ಅಪೂರ್ಣ ವಾಕ್ಯ ಕಂಡರೆ ಆಗುವುದಿಲ್ಲ; ಅದೊಂದು ಹಾಗೇ ಇರಲಿ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಷ ಇಳಿದ ಮೇಲೆ ಉಳಿಯುವುದೊಂದಿದೆ. ಕೆಲವು ವಾರಗಳ ನಂತರ ಅಣ್ಣ ಇಂಡಿಯಿಂದ ಫೋನು ಮಾಡಿದ. ನಿನ್ನ ವೈನಿ ಊಟ ತಿಂಡಿಗೆ ಚೆನ್ನಾಗಿದ್ದಾಳೆ, ಆದರೆ ತೋಟಕ್ಕೆ ಹೋಗುತ್ತಿಲ್ಲ. ನಿಂಬೆ ಹೂ ಬಿಟ್ಟಿದೆ, ಹೂವಿಗೆ ಹುಳ ಬಂದಿವೆ. ಅಡುಗೆಮನೆಯಲ್ಲಿ ನೊಣ ಹಾರಿದರೂ ಕೈಯ ಪಾತ್ರೆ ಬಿಡುತ್ತಾಳೆ. ಕಿಟಕಿ ತೆಗೆಯಗೊಡುವುದಿಲ್ಲ. ಇನ್ನು ಗುಡ್ಡಕ್ಕೆ ಹೋಗಬೇಡ ಎಂದು ನಾನೇ ಅಂದಿದ್ದೆ, ಮನೆಯಲ್ಲೇ ಹೀಗಾಗುತ್ತದೆ ಅಂದುಕೊಂಡಿರಲಿಲ್ಲ ಎಂದ. ಅವನ ದನಿಯಲ್ಲಿ ನಾನೆಂದೂ ಕೇಳದ ಒಂದು ಅಳುಕು ಇತ್ತು.

ರವಿವಾರ ಇಂಡಿಗೆ ಹೋದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿದ್ದ ವೈನಿಯನ್ನು ನೋಡಿ, ಎದುರಿಗೆ ಯಾರೋ ನನ್ನದೇ ವೇಷ ಹಾಕಿ ಕೂತಂತೆ ಅನಿಸಿತು. ಅವರು ನನ್ನನ್ನು ನೋಡಿ ನಗಲಿಲ್ಲ. “ನೀ ಇಷ್ಟ ವರ್ಷ ಹೆಂಗ ಇದ್ದೀ ಸುಮಿ, ಇದನ್ನ ಹೊಟ್ಟ್ಯಾಗ ಇಟ್ಗೊಂಡು?” ಎಂದರು.

ಧೈರ್ಯದ ಬಗ್ಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಭಯದ ಬಗ್ಗೆಯಾದರೆ ಹಿರಿಯ ವಿದ್ಯಾರ್ಥಿನಿ. ಆದ್ದರಿಂದ ಗೊತ್ತಿದ್ದಷ್ಟನ್ನೇ ಹೇಳಿದೆ. ಹೂವಿನ ಮೇಲೆ ಕೂತ ಹುಳಕ್ಕೆ ಹೊಟ್ಟೆಯ ಚಿಂತೆ, ಗೂಡಿನ ಮೇಲಿರುವ ಹುಳಕ್ಕೆ ಮಕ್ಕಳ ಚಿಂತೆ. ಮೊದಲನೆಯದು ನಾವು ಮೆಟ್ಟದಿದ್ದರೆ, ಹಿಚುಕದಿದ್ದರೆ ನಮ್ಮ ಗೊಡವೆಗೆ ಬರುವುದಿಲ್ಲ. ಗೂಡು ಎಲ್ಲಿದೆ ಎಂದು ದೂರದಿಂದಲೇ ನೋಡಿಕೊಂಡು ಅತ್ತ ಸುಳಿಯದಿದ್ದರೆ ಸಾಕು. ಘಾಟು ವಾಸನೆಯ ಎಣ್ಣೆ, ಅತ್ತರು ಬೇಡ. ಡಾಕ್ಟರು ಹೇಳಿದ ಔಷಧ ಸದಾ ಜೊತೆಗಿರಲಿ, ಒಬ್ಬರೇ ಎಲ್ಲಿಗೂ ಬೇಡ. ಹೇಳುತ್ತ ಹೇಳುತ್ತ ನನಗೇ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ಕಾಲ ನಾನು ಅಂಜಿದ್ದೆ, ನೋಡಿರಲಿಲ್ಲ. ವೈನಿ ನೋಡಿದ್ದರು, ಅಂಜಿರಲಿಲ್ಲ. ಎರಡೂ ಒಬ್ಬರಲ್ಲೇ ಇದ್ದಿದ್ದರೆ ಆ ಬೆಳಿಗ್ಗೆ ನಾವು ಬಂಡೆಯ ಕೆಳಗೆ ನಿಲ್ಲುತ್ತಿರಲಿಲ್ಲ. ಸಂಜೆ ಅವರು ಬಾಗಿಲವರೆಗೆ ಬಂದರು. ಮುಂದಿನ ವಾರ ಅಣ್ಣನ ಜೊತೆ ತೋಟದ ಬೇಲಿಯವರೆಗೆ.

ಬೇಸಿಗೆಗೆ ಮೊದಲು ಅವರೇ ಫೋನು ಮಾಡಿ, ಬಾಗೇವಾಡಿಯ ಕಡೆ ಯಾವುದಾದರೂ ಸಣ್ಣ ಗುಡ್ಡಕ್ಕೆ ಹೋಗೋಣವೇ ಎಂದು ಕೇಳಿದರು. ಬೇಡವೆನ್ನುವ ನೂರು ಕಾರಣ ನಾಲಿಗೆಯ ತುದಿಗೆ ಬಂದವು. ಹೂಂ ಎಂದೆ. ಆ ದಿನ ನಾನು ಮುಂದೆ, ವೈನಿ ಹಿಂದೆ. ಅರ್ಧ ದಾರಿಯಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಚಪ್ಪಟೆ ಕಲ್ಲು. ವೈನಿಗೆ ದಣಿವಾಗಿತ್ತು; ಆದರೂ ಕೂರದೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು.

“ಇಲ್ಲೆ ಅಂಜಬೇಕೇನು?” ಎಂದು ಕೇಳಿದರು.

ಹಾಸ್ಯಕ್ಕಲ್ಲ, ನಿಜವಾಗಿ ಕೇಳಿದ್ದು. ನಾನು ಕೊಂಬೆ ಕೊಂಬೆಯನ್ನೂ ನೋಡಿದೆ. ಬಂಡೆಗಳ ಅಡಿ, ಪೊಟರೆ, ಒಣಹುಲ್ಲು, ಕಲ್ಲಿನ ಹಿಂಬದಿ, ಮೇಲಿನ ಆಕಾಶ, ಎಲ್ಲವನ್ನೂ ಅವಸರವಿಲ್ಲದೆ ನೋಡಿದೆ. ನೋಡುತ್ತ ಹೋದಂತೆ ಕೆಳಗಿನ ಬಿಳಿಜೋಳದ ಹೊಲಗಳೂ, ದೂರದಲ್ಲಿ ಹೋಗುತ್ತಿದ್ದ ಬಸ್ಸೂ ಕಂಡವು. ನನ್ನ ಎದೆ ಎಂದಿನಂತೆ ಹೊಡೆದುಕೊಳ್ಳುತ್ತಲೇ ಇತ್ತು. ಬಾಯಿಂದ ಮಾತ್ರ, ಹುಟ್ಟಿದಾಗಿನಿಂದ ಯಾರಿಗೂ ಹೇಳಿರದ ಒಂದು ಮಾತು ಹೊರಬಂತು.

“ಇಲ್ಲೆ ಅಂಜೂದು ಬ್ಯಾಡ್ರಿ ವೈನಿ. ಕುಂದರ್ರಿ.”

ಅವರು ಕೂತರು.