ಅಜ್ಜನ ದನಿಯಲ್ಲಿ ಒಂದು ‘ಸಾವಕಾಶ’

ನಮ್ಮ ಅಂಗಡಿಯ ಇತಿಹಾಸ ಒಂದು ಕಲ್ಲಿನ ತೊಟ್ಟಿಯಿಂದ ಶುರುವಾಗುತ್ತದೆ. ಸವದತ್ತಿಯಲ್ಲಿ ಅಜ್ಜ ಪಂಕ್ಚರ್ ಅಂಗಡಿ ಹಾಕಿದಾಗ ಬಾಗಿಲ ಮುಂದೆ ಇಟ್ಟ ತೊಟ್ಟಿ ಅದು. ಕಟಕೋಳ, ಸಾಲಹಳ್ಳಿ ಕಡೆಯವರು ಬಾವಿಯಲ್ಲಿ ಈಜು ಕಲಿಯಲು ಲಾರಿಯ ಹಳೆಯ ಟ್ಯೂಬು ಕೇಳಿಕೊಂಡು ಬರುತ್ತಿದ್ದರು. ಅಜ್ಜ ಅದಕ್ಕೆ ಗಾಳಿ ತುಂಬಿ, ತೊಟ್ಟಿಯಲ್ಲಿ ಅದುಮಿ, ಮೂರು ಸುತ್ತು ತಿರುಗಿಸುತ್ತಿದ್ದ. ಒಂದು ಗುಳ್ಳೆ ಎದ್ದರೂ ಟ್ಯೂಬು ವಾಪಸ್. ಅವಸರ ಮಾಡಿದವರಿಗೆ ಒಂದೇ ಉತ್ತರ: “ಸಾವಕಾಶ ತಮ್ಮಾ, ಸಾವಕಾಶ. ನೀರಿಗೆ ಅವಸರ ಇಲ್ಲ, ನಿನಗ್ಯಾಕ?”

ಅಪ್ಪನ ಕಾಲಕ್ಕೆ ಗೋಡೆಯ ಮೇಲೆ ಲೈಫ್ ಜಾಕೆಟ್ಟು, ಈಜುವ ಕನ್ನಡಕ ಬಂದು ನೇತಾಡಿದವು. ಭಾನುವಾರ ಬೈಲಹೊಂಗಲ, ಕಿತ್ತೂರಿನಿಂದ ಬಂದವರಿಗೆ ಊರ ಪಕ್ಕದ ಜಲಾಶಯದ ಹಿನ್ನೀರಿನಲ್ಲಿ ತೇಲಲು ಟ್ಯೂಬು ಬಾಡಿಗೆಗೆ ಕೊಡತೊಡಗಿದೆವು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ; ಹಾಗೆಂದು ಮನೆಯವರು ನಂಬಿದ್ದರು. ನಿಜವಾದ ಉದ್ಯೋಗ ದಂಡೆಯ ಮೇಲೆ ದನಿ ದೊಡ್ಡದು ಮಾಡುವ ಭೋಂಗಾ ಹಿಡಿದು, ದೂರ ತೇಲಿ ಹೋದವರನ್ನು ಕೂಗಿ ಕರೆಯುವುದು. ಬೇಸರವಾದಾಗ ಗಿರಾಕಿಗಳ ನಡಿಗೆ, ನಮ್ಮ ದೋಣಿ ನಡೆಸುವ ಅಂಬಿಗನ ಕೆಮ್ಮು, ಅಪ್ಪನ ಸಿಟ್ಟು ಎಲ್ಲದರ ನಕಲು ಮಾಡುತ್ತಿದ್ದೆ. ಪರೀಕ್ಷೆಯಲ್ಲೂ ನಕಲು ಹೊಡೆದೆ. ಅಲ್ಲಿ ಮಾತ್ರ ಸಿಕ್ಕಿಬಿದ್ದೆ.

ಅಷ್ಟರಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಗೋವಾದಿಂದ ಹಳೆಯ ವೇಕ್‌ಬೋರ್ಡ್ ಒಂದನ್ನು ತಂದ. ಎರಡೂ ಕಾಲನ್ನು ಹಲಗೆಗೆ ಸಿಕ್ಕಿಸಿಕೊಂಡು ನೀರಿನಲ್ಲಿ ಕೂರಬೇಕು, ಮುಂದಿರುವ ಮೋಟಾರು ದೋಣಿಯ ಹಗ್ಗ ಹಿಡಿಯಬೇಕು, ದೋಣಿ ಜೋರಾಗಿ ಎಳೆದಾಗ ಎದ್ದು ನಿಲ್ಲಬೇಕು. ಜೋರು ಕಡಿಮೆಯಾದರೆ ಹಲಗೆ ಮುಳುಗುತ್ತದೆ. ಕಾಕಾ ತಿಂಗಳುಗಟ್ಟಲೆ ಬಿದ್ದ. ಆದರೂ ಅವನಿಗೆ ಒಂದೇ ಆಸೆ: ಒಮ್ಮೆ ಅಜ್ಜನ ಕಣ್ಣೆದುರು ಎದ್ದು ನಿಂತು ತೋರಿಸಬೇಕು.

“ಅಪ್ಪಾ, ಒಂದ ಸಲ ಬಂದು ನೋಡು.”

“ಏನ ನೋಡ್ಲಿ? ಮುಳಗೂದಕ್ಕ ಹಲಗಿ ಯಾಕೋ ಬೇಕು? ಕಲ್ಲ ಕಟಗೊಂಡ್ರ ಸಾಕು.”

ಹೀಗೆ ಬೈಯುತ್ತಿದ್ದ ಅಜ್ಜ ಒಂದು ಭಾನುವಾರ ಕೋಲೂರಿಕೊಂಡು ದಂಡೆಗೆ ಬಂದುಬಿಟ್ಟ. ಕಾಕಾ ಹಗ್ಗ ಹಿಡಿದು ನೀರಿನಲ್ಲಿ ಕುಳಿತಾಗ ಅಜ್ಜ ನನ್ನ ಪಕ್ಕ, ಜಾಲಿಯ ನೆರಳಿಗೆ ಕುಳಿತು ಪಿಸುಗುಟ್ಟಿದ: “ನನಗ ದೂರದ್ದು ಕಾಣೂದಿಲ್ಲ. ಅವ ಎದ್ದ ಕೂಡ್ಲೆ ಹೇಳು. ನಾ ಕೇಳೀನಿ ಅಂತ ಅವಗ ಮಾತ್ರ ಹೇಳಬ್ಯಾಡ.”

ದೋಣಿ ಹೊರಟಿತು. “ಎದ್ದನೇನೋ?” ಎಂದ ಅಜ್ಜ. ಕಾಕಾ ನೀರಿನಿಂದ ಸೊಂಟದವರೆಗೆ ಮೇಲೆ ಬಂದಿದ್ದ, ಮೊಣಕಾಲು ನೆಟ್ಟಗಾಗುತ್ತಿತ್ತು. ದಂಡೆಯ ಮೇಲೆ ಹತ್ತಾರು ಜನ ನೋಡುತ್ತಿದ್ದರು. ಅಷ್ಟು ಜನರನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತದೆ. ಭೋಂಗಾ ಬಾಯಿಗಿಟ್ಟು ಅಜ್ಜನ ದನಿ ತೆಗೆದೆ: “ಸಾವಕಾಶೋ! ಸಾವಕಾಶ!”

ಜನ ನಕ್ಕರು. ಅಜ್ಜನೂ ನಕ್ಕು, “ಭಾಡ್ಕಾವ್, ನನ್ನ ದನಿ ನನಗಽ ಮಾರ್ತಿಯೇನು?” ಎಂದು ಕೋಲಿನಿಂದ ತಿವಿದ. ಆದರೆ ಇಪ್ಪತ್ತು ವರ್ಷ ಅಜ್ಜನ ಮಾತು ಕೇಳಿದ ಅಂಬಿಗ ಹಿಂದೆ ಮುಂದೆ ನೋಡದೆ ಮೋಟಾರಿನ ವೇಗ ಇಳಿಸಿಬಿಟ್ಟ. ಹಗ್ಗ ಸಡಿಲಾಯಿತು. ಹಲಗೆ ಮುಳುಗಿತು, ಕಾಕಾನೂ.

“ಎದ್ದನೇನೋ?”

“ಇಲ್ಲಜ್ಜಾ, ಬಿದ್ದ.”

“ಇರಲಿ. ಬರೂ ವಾರ ಎದ್ದಾನು.”

ಕಾಕಾ ನೀರು ಸುರಿಸುತ್ತ ಬಂದು ಅಜ್ಜನ ಮುಂದೆಯೇ ದಾಟಿ ಹೋದ, ತಲೆ ಎತ್ತಲಿಲ್ಲ. ಮರುದಿನ ಅಂಗಡಿಯಲ್ಲಿ ಹಲಗೆಯನ್ನು ಅಟ್ಟಕ್ಕೆ ಏರಿಸುತ್ತ ನನಗೆ ಹೇಳಿದ: “ಊರ ನಕ್ರ ನಡೀತಿತ್ತು. ಅಪ್ಪಗಽ ನಾ ಏಳೂದು ಬ್ಯಾಡಾಗಿತ್ತು ನೋಡು. ಭೋಂಗಾ ಹಿಡದು ನಿಲ್ಲಿಸಿಬಿಟ್ಟ.”

ಆಗ ಹೇಳಬಹುದಿತ್ತು. ಏಣಿ ಹಿಡಿದುಕೊಂಡು ನಿಂತವನು ನಾನೇ, ಮಾತು ಹಲ್ಲಿನ ತನಕ ಬಂದಿತ್ತು. ಬದಲಿಗೆ ಅಂಬಿಗನ ಕೆಮ್ಮು ಕೆಮ್ಮಿ ತೋರಿಸಿದೆ. ಕಾಕಾ ನಗಲಿಲ್ಲ.

ಮುಂದಿನ ಎರಡು ಭಾನುವಾರ ಅಜ್ಜ ಕನ್ನಡಕ ಒರೆಸಿಕೊಂಡು, ಕೋಲು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯೇ ಅಂಗಡಿಯ ಕಟ್ಟೆಗೆ ಬಂದು ಕುಳಿತ. ಯಾರೂ ದಂಡೆಗೆ ಕರೆಯಲಿಲ್ಲ. ತಾನಾಗಿ ಕೇಳುವ ಜಾತಿಯವನಲ್ಲ ಅವನು. ಆ ವರ್ಷದ ಚಳಿಗಾಲದಲ್ಲಿ ತೀರಿಕೊಂಡ. ಮಣ್ಣು ಕೊಡಲು ಬಂದ ಅಂಬಿಗ, ಅಂದು ಕೂಗಿದವನು ಯಾರೆಂದು ಗೊತ್ತಿದ್ದವನಂತೆ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಕಾಕಾನಿಗೆ ಹೇಳಿದ್ದು ಇಷ್ಟು ವರ್ಷ ಬಿಟ್ಟು, ಮೊನ್ನೆ. ಅವನು ತೊಟ್ಟಿಯ ಬಳಿ ಕುಳಿತು ರಾಮದುರ್ಗದ ಗಿರಾಕಿಯ ಟ್ಯೂಬು ತಿರುಗಿಸುತ್ತಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ನಗಿಸಲು ಯಾರೂ ಇಲ್ಲದಾಗ ನನಗೆ ಧೈರ್ಯ ಬಂತು. ಎಲ್ಲ ಹೇಳಿದೆ: ಭೋಂಗಾ, ಪಿಸುಮಾತು, ಒರೆಸಿದ ಕನ್ನಡಕ. ಹೊಡೆಯುತ್ತಾನೆಂದು ಒಂದು ಹೆಜ್ಜೆ ಹಿಂದೆಯೇ ನಿಂತಿದ್ದೆ.

ಕಾಕಾನ ಕೈ ನೀರಿನಲ್ಲೇ ನಿಂತಿತು.

“ಅಪ್ಪ ಏನಂತ ಕೇಳ್ತಿದ್ದ? ಅವನ ದನಿಯಾಗಽ ಹೇಳು.”

“ಎದ್ದನೇನೋ?” ಎಂದೆ. ಅಜ್ಜನೇ ಕೇಳಿದಂತೆ ಬಂತು.

“ನಾ ಅರ್ಧ ಎದ್ದಿದ್ದೆ, ಅಪ್ಪಾ,” ಎಂದ ಕಾಕಾ, ನನ್ನ ಕಡೆ ನೋಡದೆ. “ಇನ್ನೊಮ್ಮೆ ಕೇಳು,” ಎಂದ.

ಮತ್ತೆ ಬಾಯಿ ತೆರೆದೆ. ಈ ಸಲ ಬಂದದ್ದು ನನ್ನದೇ ದನಿ. ಕಾಕಾ ಅಜ್ಜನ ದನಿಗಾಗಿ ಕಾದ. ಆಮೇಲೆ ಟ್ಯೂಬನ್ನು ಮತ್ತೆ ನೀರಿಗೆ ಅದುಮಿ, ಮೂರನೆಯ ಸುತ್ತು ತಿರುಗಿಸಿದ.