ಬದುಕಿದ್ದ ಅವ್ವನಿಗೆ ಅತ್ತದ್ದು

ಜಗಳೂರು ಸೀಮೆಯ ನಮ್ಮ ಹಟ್ಟಿಯಲ್ಲಿ ಯಾರಾದರೂ ಸತ್ತರೆ ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಕರೆದು ಕರೆದು, ಅವರು ಪಟ್ಟ ಪಾಡನ್ನೆಲ್ಲ ಒಂದೊಂದೇ ಎತ್ತಿ ಹಾಡುವುದು. ಬದುಕಿದ್ದವರನ್ನು ಮಾತ್ರ ಅದರಲ್ಲಿ ಕರೆಯಬಾರದು. ಕರೆದರೆ ಅವರು ಉಳಿಯುವುದಿಲ್ಲ ಅನ್ನುತ್ತಾರೆ. ಡಿಗ್ರಿ ಓದಿದ ನಾನು ಇದಕ್ಕೆಲ್ಲ ನಗುತ್ತಿದ್ದೆ. ನಗೋದಕ್ಕೇನು ಖರ್ಚು ಹೇಳ್ರಿ!

ಬುಡಕಟ್ಟಿನ ಹೊಸ ಹಾಡುಗಾರರಿಗೆ ಒಂದು ವರ್ಷ ಧನಸಹಾಯ ಕೊಡುತ್ತಾರೆ ಅಂತ ಗೊತ್ತಾಗಿ ಅರ್ಜಿ ಹಾಕಿದೆ. ಅದರಲ್ಲಿ ಗುರುವಿನ ಹೆಸರು ಅಂತ ಒಂದು ಕಡೆ ಇತ್ತು. ಅವ್ವನ ಹೆಸರು ಬರೆದೆ.

"ಕುರಿ ಕಾಯೋಳನ್ನ ಗುರು ಅಂತ ಬರೀತಾರೇನೇ, ಹುಚ್ಚಿ?" ಅಂತ ಅವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಆಯ್ಕೆ ಹೊನ್ನಾಳಿಯಲ್ಲಿ. ಮೂವರು ದೊಡ್ಡವರು ಮೇಜಿನ ಹಿಂದೆ ಕೂತಿದ್ದರು. ಸೋಬಾನೆ ಶುರುಮಾಡಿದೆ. ಒಬ್ಬರು ಕೈ ಎತ್ತಿ, "ಇದು ಎಲ್ಲಾ ಕಡೆ ಐತಮ್ಮ, ನಿಮ್ಮ ಹಟ್ಟಿಯಾಗೆ ಮಾತ್ರ ಇರೋದು ಹಾಡು" ಅಂದರು. ಹಾಡಿಕೊಂಡು ಅಳೋದೊಂದೇ ಹೊಳೆಯಿತು. ಎಂದೋ ಸತ್ತ ಅಜ್ಜಿಯನ್ನು ಕರೆದರೆ ತಪ್ಪೇನಿಲ್ಲ ಅಂದುಕೊಂಡೆ. ಪಕ್ಕದಲ್ಲಿದ್ದ ಹುಡುಗಿಯ ಕೈಗೆ ನನ್ನ ಫೋನು ಕೊಟ್ಟು, ವಿಡಿಯೋ ಮಾಡು ತಾಯಿ ಅಂತ ಹೇಳಿ, ಕಣ್ಣು ಮುಚ್ಚಿ ಕೂತೆ.

ಅಜ್ಜಿಯ ಮುಖವೇ ಸರಿಯಾಗಿ ನೆನಪಿಗೆ ಬರಲೊಲ್ಲದು. ಎರಡು ಸಾಲು ಒಣಒಣ ಹೋಯಿತು. ಆಮೇಲೆ ಹಾಡು ಹಿಡಿದುಕೊಂಡಿತು. ಶೇಂಗಾ ಕಿತ್ತು ಕಿತ್ತು ಉಗುರು ಕಿತ್ತ ಬೆರಳು, ಮಳೆಯಲ್ಲಿ ಕುರಿಮರಿಗೆ ಹೊದಿಸಿ ತಾನು ನೆಂದ ಕಂಬಳಿ, ನನ್ನನ್ನು ಓದಿಸಬೇಕು ಅಂತ ಅಪ್ಪನ ಕೈಲಿ ತಿಂದ ಏಟು, ಎಲ್ಲ ತಾವಾಗೇ ಬಂದವು. ಮುಗಿದಾಗ ಮೂವರಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು ಕೇಳಿದರು: "ತಾಯಿ ಹೋಗಿ ಎಷ್ಟು ದಿನ ಆತಮ್ಮ?"

ಆಗಲೇ ನನಗೆ ಗೊತ್ತಾದದ್ದು. ಉದ್ದಕ್ಕೂ ಅವ್ವಾ, ಅವ್ವಾ ಅಂತ ಕರೆದಿದ್ದೆ.

"ಅದಾಳ್ರೀ" ಅಂದೆ. ಮುಂದೆ ಅವರು ಏನಂದರೋ ನನಗೆ ಕೇಳಿಸಲಿಲ್ಲ. ಹುಡುಗಿಯ ಕೈಯಿಂದ ಫೋನು ಕಿತ್ತುಕೊಂಡು ಹೊರಗೆ ಓಡಿ ಬಂದು ಅವ್ವನಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ದಾವಣಗೆರೆ ಬಸ್ಸಿನಲ್ಲಿ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಕೇಳಿದರೆ ಫೋನನ್ನೇ ಚಾಚಿದೆ. "ಮೈ ಹುಷಾರಿಲ್ವೇನಮ್ಮ?" ಅಂದ ಕಂಡಕ್ಟರ್. ಏನಂತ ಹೇಳಲಿ? ನನ್ನ ಅವ್ವನನ್ನು ನಾನೇ ಕೊಂದು ಬಂದೀನಿ ಅಂತಲೇ? ಧನಸಹಾಯವೂ ಬ್ಯಾಡ, ಏನೂ ಬ್ಯಾಡ, ಅವಳೊಬ್ಬಳಿದ್ದರೆ ಸಾಕಪ್ಪಾ ದೇವರೇ ಅಂತ ಜಗಳೂರು ಮುಟ್ಟುವ ತನಕ ಕೈ ಮುಗಿದೆ. ಅಲ್ಲಿಂದ ಹಟ್ಟಿಗೆ ಆಟೋದಲ್ಲಿ ಬಂದೆ. ಹಟ್ಟಿಯ ಬಾಯಲ್ಲಿ ನಾಲ್ಕೈದು ಜನ ಗುಂಪಾಗಿ ನಿಂತಿದ್ದರು. ಓಡಿ ಹೋಗಿ ಏನಾತು ಅಂತ ಕೇಳಿದೆ. ಕುರಿ ವ್ಯಾಪಾರಿ ಬಂದಿದ್ದನಂತೆ, ಅಷ್ಟೇ.

ಅವ್ವ ಕುರಿ ಕೂಡುವ ರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದಳು.

"ಫೋನು ಯಾಕೆ ಎತ್ತಲಿಲ್ಲ? ನಿನ್ನ ಫೋನಿಗಿಷ್ಟು ಬೆಂಕಿ ಹಾಕ!" ಅಂತ ಕಿರುಚಿದೆ.

"ಚಾರ್ಜಿಗೆ ಹಾಕಿ ಕುರಿ ಹಿಂದೆ ಹೋಗಿದ್ನೇ. ಏನಾತೇ?"

ಅಲ್ಲೇ ಹಿಕ್ಕೆಯ ಮೇಲೆ ಕೂತು ಅಳುತ್ತಾ ಎಲ್ಲ ಹೇಳಿದೆ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಅಂತ ಕಾದೆ. ಅವ್ವ ಪೊರಕೆ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, "ಫೋನಿನಾಗೆ ಐತೇನು? ಕೇಳಿಸು" ಅಂದಳು.

"ಬ್ಯಾಡವ್ವಾ."

"ನಂದೇ ಹಾಡು, ನಾನು ಕೇಳಬಾರದೇನು?"

ಪೂರ್ತಿ ಕೇಳಿದಳು. ಅಪ್ಪನ ಏಟು ಬಂದಾಗ ಮಾತ್ರ ಆಚೆ ನೋಡಿದಳು. ನಾನು ಅವಳ ಉಸಿರನ್ನೇ ಎಣಿಸುತ್ತಾ ಕೂತಿದ್ದೆ.

"ಎಲ್ಲಾ ಹೇಳಿದಿ. ಒಂದು ಬಿಟ್ಟಿ" ಅಂದಳು.

"ಏನವ್ವಾ?"

"ನಿನ್ನ ಹಿಂದೆ ಒಂದು ಗಂಡು ಕೂಸು ಹುಟ್ಟಿತ್ತು. ಎಂಟು ದಿನ ಇತ್ತು. ಹೆಸರಿಡದ ಕೂಸಿಗೆ ಹಾಡಿಕೊಂಡು ಅಳಂಗಿಲ್ಲ ಅಂತ ನನ್ನ ಬಾಯಿ ಮುಚ್ಚಿಸಿದ್ರು."

ನನಗೆ ಗೊತ್ತೇ ಇರಲಿಲ್ಲ.

"ಕೂಸಿಗೆ ಅಳಾಕೆ ಬಿಡಲಿಲ್ಲ. ನನಗೆ ಅಳೋ ದಿನ ಅದನ್ನೂ ಸೇರಿಸಿಕೊಂಡು ಅಳು."